ಗುಜರಿಗೆ ಬಿದ್ದ ರೊಯಾಲ್: ಬುಗಾಟಿ ಷಾಸಿ 41121ರ ಪ್ರಕರಣ ಅಧ್ಯಯನ

ಅಮೆರಿಕದ ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ನಲ್ಲಿ ಹೆನ್ರಿ ಫೋರ್ಡ್ ಮ್ಯೂಸಿಯಂ ಇದೆ. ಅಲ್ಲಿಯ ಕಾರುಗಳ ಸಾಲಿನಲ್ಲಿ ಮಾಸಲು ಬಿಳಿ ಬಣ್ಣದ, ಕಡುಹಸಿರು ಮಡಚುವ ಹುಡ್‌ನ ಎರಡು ಬಾಗಿಲಿನ ಕಾರೊಂದು ನಿಂತಿದೆ. ಬಾನೆಟ್ ಎಷ್ಟು ಉದ್ದವೆಂದರೆ, ಪಕ್ಕದಲ್ಲಿ ನಿಂತವರಿಗೆ ಡ್ರೈವರ್ ಸೀಟು ಎಲ್ಲೋ ಹಿಂದಕ್ಕೆ ಸರಿದಂತೆ ಕಾಣುತ್ತದೆ. ಇದು ಬುಗಾಟಿ ಟೈಪ್ 41, ಅಂದರೆ ರೊಯಾಲ್. ಷಾಸಿ ನಂಬರ್ 41121. ಮ್ಯೂಸಿಯಂನ ಫಲಕದಲ್ಲಿ ಮೂಲ ಬೆಲೆ 43,000 ಡಾಲರ್ ಎಂದಿದೆ. ಫೋರ್ಡ್‌ನ ಮಾಡೆಲ್ ಟಿ ರನ್‌ಅಬೌಟ್ 1925ರಲ್ಲಿ 260 ಡಾಲರಿಗೆ ಸಿಗುತ್ತಿತ್ತು. ಆ ಲೆಕ್ಕದಲ್ಲಿ ಈ ಒಂದು ಕಾರಿನ ದುಡ್ಡಿಗೆ 165 ಮಾಡೆಲ್ ಟಿ ಬರುತ್ತಿದ್ದವು. ಇದೇ ಕಾರು 1943ರಲ್ಲಿ ನ್ಯೂಯಾರ್ಕ್‌ನ ಗುಜರಿ ಅಂಗಡಿಯಿಂದ 400 ಡಾಲರಿಗೆ ಮಾರಾಟವಾಯಿತು. ಮೂಲ ಬೆಲೆಯ ನೂರಕ್ಕೆ ಒಂದು ಪಾಲೂ ಅಲ್ಲ.

ಬೆಲೆ ಹೀಗೆ ಕುಸಿಯಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಎಂಜಿನ್ನಿನೊಳಗೆ ಉಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿತು, ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಕಬ್ಬಿಣದ ಎರಕ, ಸೀಳಿತು. ಅಲ್ಲಿಂದ ಮುಂದೆ ಈ ಕಾರಿಗೆ ಆದದ್ದೆಲ್ಲವೂ, ಇಂದು ಮ್ಯೂಸಿಯಂನಲ್ಲಿ ಅದು ಕಾಣುವ ರೀತಿಯೂ, ಆ ಸೀಳಿನಿಂದಲೇ ಹೊರಟದ್ದು.

ಹದಿನಾರು ಮಾರುತಿ ಎಂಜಿನ್ನುಗಳು

ಎತ್ತೋರೆ ಬುಗಾಟಿ 1881ರಲ್ಲಿ ಮಿಲಾನ್‌ನಲ್ಲಿ ಹುಟ್ಟಿದವನು. ಕಾರ್ಖಾನೆ ಇದ್ದದ್ದು ಅಲ್ಸೇಸ್ ಸೀಮೆಯ ಮೋಲ್ಸೈಮ್‌ನಲ್ಲಿ. ರಾಜಮಹಾರಾಜರಿಗೆ ಮಾರಲೆಂದು ಅವನು 25 ರೊಯಾಲ್‌ಗಳ ಯೋಜನೆ ಹಾಕಿದ. 1929ರ ಆರ್ಥಿಕ ಕುಸಿತ ಅದನ್ನು ಮುಗಿಸಿಬಿಟ್ಟಿತು. ತಯಾರಾದವು ಏಳು, ಉಳಿದವು ಆರು, ಹೊರಗಿನ ಗಿರಾಕಿಗಳು ಕೊಂಡದ್ದು ಬರೀ ಮೂರು. ಆ ಮೂರರಲ್ಲಿ ಒಂದು 41121. ಹೆಸರೇನೋ ರೊಯಾಲ್, ಆದರೆ ಅರಸು ಮನೆತನದ ಒಬ್ಬರೂ ಇದನ್ನು ಕೊಳ್ಳಲಿಲ್ಲ.

ಎಂಜಿನ್ 12.7 ಲೀಟರಿನದು. ಸಾಲಾಗಿ ಎಂಟು ಸಿಲಿಂಡರ್, ಬೋರ್ (ಸಿಲಿಂಡರಿನ ಒಳ ಅಗಲ) 125 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 130 ಮಿ.ಮೀ. ಒಂದೊಂದು ಸಿಲಿಂಡರಿನ ಅಳತೆ ಸುಮಾರು 1,595 ಸಿಸಿ. ನಮ್ಮ ಹಳೆಯ ಮಾರುತಿ 800ರ ಇಡೀ ಎಂಜಿನ್ 796 ಸಿಸಿ, ಅಂದರೆ ರೊಯಾಲ್‌ನ ಒಂದೇ ಸಿಲಿಂಡರಿನಲ್ಲಿ ಎರಡು ಮಾರುತಿ ಕೂರುತ್ತವೆ, ಇಡೀ ಎಂಜಿನ್ನಿನಲ್ಲಿ ಹದಿನಾರು. ಫಲಕ ಹೇಳುವ ಶಕ್ತಿ 300 ಅಶ್ವಶಕ್ತಿ. ಇಷ್ಟನ್ನೂ ಅದು ನಿಮಿಷಕ್ಕೆ 2,000 ಸುತ್ತಿನ ಆಸುಪಾಸಿನಲ್ಲಿ, ಅವಸರವಿಲ್ಲದೆ ಕೊಡುತ್ತಿತ್ತು. ಗೇರ್ ಮೂರೇ: ಮೊದಲನೆಯದು ಕದಲಿಸಲು, ಎರಡನೆಯದು ಉಳಿದ ಎಲ್ಲದಕ್ಕೂ, ಮೂರನೆಯದು ಖಾಲಿ ಹೆದ್ದಾರಿಗೆ. ಗೇರ್‌ಬಾಕ್ಸ್ ಎಂಜಿನ್ನಿಗೆ ಅಂಟಿಕೊಂಡಿಲ್ಲ, ಹಿಂದಿನ ಆಕ್ಸಲ್ ಜೊತೆಗಿದೆ. ಚಕ್ರಗಳು 24 ಅಂಗುಲದವು, ಹಗುರ ಲೋಹದವು. ಬ್ರೇಕ್ ಡ್ರಮ್ಮನ್ನೂ ಚಕ್ರವನ್ನೂ ಒಂದೇ ಎರಕದಲ್ಲಿ ಹೊಯ್ದಿದ್ದರು. ಕೇಬಲ್ ಎಳೆದು ಹಿಡಿಯುವ ಬ್ರೇಕು, ಕಾಲಿನ ಬಲಕ್ಕೆ ನೆರವಾಗುವ ಸರ್ವೋ ಇಲ್ಲ. ಮೂರು ಟನ್ ಮೀರಿದ ಗಾಡಿಯನ್ನು ನಿಲ್ಲಿಸುವ ಹೊಣೆ ಡ್ರೈವರನ ತೊಡೆಗೆ ಸೇರಿದ್ದು.

ಈ ಪ್ರಕರಣಕ್ಕೆ ಮುಖ್ಯವಾದ ವಿಷಯ ಬೇರೆಯೇ ಇದೆ. ಸಾಮಾನ್ಯ ಎಂಜಿನ್ನಿನಲ್ಲಿ ಬ್ಲಾಕ್ ಬೇರೆ, ಅದರ ಮುಚ್ಚಳವಾದ ಹೆಡ್ ಬೇರೆ, ನಡುವೆ ಸೋರದಂತೆ ತಡೆಯುವ ಗ್ಯಾಸ್ಕೆಟ್. ರೊಯಾಲ್‌ನಲ್ಲಿ ಬ್ಲಾಕ್ ಮತ್ತು ಹೆಡ್ ಎರಡೂ ಒಂದೇ ಬೀಡುಕಬ್ಬಿಣದ ಎರಕ. ಹೆಡ್ ಗ್ಯಾಸ್ಕೆಟ್ ಎಂಬುದೇ ಇಲ್ಲವಾದ್ದರಿಂದ ಅದು ಸುಡುವ ಪ್ರಶ್ನೆಯೂ ಇಲ್ಲ. ಲಾಭ ಅಷ್ಟಕ್ಕೇ ನಿಂತಿತು. ಆ ಕಾಲದ ವಾಲ್ವುಗಳಿಗೆ ಆಗಾಗ ಗ್ರೈಂಡಿಂಗ್ ಬೇಕು. ಹೆಡ್ ಬಿಚ್ಚುವಂತಿದ್ದರೆ ಅದು ಒಂದೆರಡು ದಿನದ ಕೆಲಸ. ಇಲ್ಲಿ ವಾಲ್ವ್ ಸೀಟು ಇರುವುದು ಸಿಲಿಂಡರ್ ಎಂಬ ಬಾವಿಯ ತಳದಲ್ಲಿ. ಅಲ್ಲಿಗೆ ಕೈ ಹೋಗಬೇಕಾದರೆ 1.4 ಮೀಟರ್ ಉದ್ದದ ಎಂಜಿನ್ನನ್ನು ಷಾಸಿಯಿಂದ ಎತ್ತಿ ಪೂರ್ತಿ ಕಳಚಬೇಕು. ಸಿಲಿಂಡರಿಗೆ ಮೂರರಂತೆ 24 ವಾಲ್ವುಗಳು. ಒಂದು ವಾಲ್ವ್ ಸೋರಿದರೂ ಬಿಚ್ಚಬೇಕಾದದ್ದು ಅಷ್ಟೂ.

ನ್ಯೂರೆಂಬರ್ಗ್‌ನಿಂದ ನ್ಯೂಯಾರ್ಕ್‌ಗೆ

ಗಿರಾಕಿ ಜರ್ಮನಿಯ ನ್ಯೂರೆಂಬರ್ಗ್‌ನ ಹೆರಿಗೆ ವೈದ್ಯ ಯೋಸೆಫ್ ಫುಕ್ಸ್. ಆಗಿನ ದುಬಾರಿ ಕಾರುಗಳಲ್ಲಿ ಕಾರ್ಖಾನೆಯಿಂದ ಬರುತ್ತಿದ್ದದ್ದು ಷಾಸಿ ಮತ್ತು ಎಂಜಿನ್ ಮಾತ್ರ. ನಮ್ಮಲ್ಲಿ ಲಾರಿ, ಬಸ್ಸಿನ ಷಾಸಿ ತಂದು ಬಾಡಿ ಕಟ್ಟಿಸುವ ಹಾಗೆಯೇ, ಬೇಕಾದವರ ಕೈಯಲ್ಲಿ ಬಾಡಿ ಕಟ್ಟಿಸಬೇಕಿತ್ತು. ಫುಕ್ಸ್ ಆ ಕೆಲಸವನ್ನು ಮ್ಯೂನಿಕ್‌ನ ಲುಡ್ವಿಗ್ ವೈನ್‌ಬರ್ಗರ್‌ಗೆ ವಹಿಸಿದ. ಮಡಚುವ ಹುಡ್‌ನ ಕ್ಯಾಬ್ರಿಯೊಲೆ, ಕಪ್ಪು ಬಣ್ಣ, ಹಳದಿ ಅಲಂಕಾರ. ಕಾರು ವೈದ್ಯರ ಕೈ ಸೇರಿದ್ದು 1932ರ ಮೇ ತಿಂಗಳಲ್ಲಿ. ಮ್ಯೂಸಿಯಂ ಫಲಕದಲ್ಲಿ 1931 ಎಂದಿರುವುದು ತಪ್ಪೇನಲ್ಲ. ಅದು ಷಾಸಿಯ ವರ್ಷ. ಬಾಡಿ ಕಟ್ಟಿಸುವ ಕಾಲದ ಕಾರುಗಳಿಗೆ ಹೀಗೆ ಎರಡೆರಡು ಹುಟ್ಟುಹಬ್ಬ ಇರುತ್ತವೆ. ದಾಖಲೆ ಓದುವಾಗ ಯಾವುದು ಯಾವ ವರ್ಷ ಎಂದು ಬಿಡಿಸಿ ಬರೆದುಕೊಳ್ಳದಿದ್ದರೆ ಮುಂದೆ ಗೋಜಲು.

ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಫುಕ್ಸ್ ಜರ್ಮನಿ ಬಿಟ್ಟ. 1937ರ ಹೊತ್ತಿಗೆ ನ್ಯೂಯಾರ್ಕ್ ಸೇರಿದ. ದೇಶ ಬಿಟ್ಟು ಹೋಗುವವರು ಒಡವೆ, ಕಾಗದಪತ್ರ ಕಟ್ಟಿಕೊಳ್ಳುತ್ತಾರೆ. ಇವನು ಮೂರು ಟನ್ನಿನ ಕಾರನ್ನೂ ಜೊತೆಗೆ ಒಯ್ದ. ಆದರೆ ನ್ಯೂಯಾರ್ಕ್‌ನಲ್ಲಿ ಇದನ್ನು ಸಾಕುವುದು ಹೇಗೆ? ಇದರ ಅಳತೆಗೆ ಗ್ಯಾರೇಜು ಸಿಗುವುದು ಕಷ್ಟ, ಬಿಡಿಭಾಗ ಬೇಕೆಂದರೆ ಫ್ರಾನ್ಸಿನಿಂದ ತರಿಸಬೇಕು, ರೊಯಾಲ್ ಎಂಜಿನ್ ಕಳಚಿ ಜೋಡಿಸಿದ ಮೆಕ್ಯಾನಿಕ್ ಅಮೆರಿಕದಲ್ಲಿ ಎಲ್ಲಿಂದ ಬರಬೇಕು. ಹಾಗೆ ಓಡದೆ ನಿಂತ ಕಾರಿಗೆ ಚಳಿಗಾಲ ಬಂತು.

ಬ್ಲಾಕ್ ಸೀಳಿದ್ದು ಹೇಗೆ

ನೀರು ಹೆಪ್ಪುಗಟ್ಟಿದಾಗ ಗಾತ್ರ ಸುಮಾರು 9 ಪ್ರತಿಶತ ಹಿಗ್ಗುತ್ತದೆ. ಒಂದು ಲೀಟರ್ ನೀರು 1.09 ಲೀಟರ್ ಮಂಜುಗಡ್ಡೆಯಾಗುತ್ತದೆ. ತೆರೆದ ಪಾತ್ರೆಯಲ್ಲಾದರೆ ಮೇಲಕ್ಕೆ ಉಬ್ಬುತ್ತದೆ, ಅಷ್ಟೇ. ಸಿಲಿಂಡರಿನ ಸುತ್ತ ಇರುವ ವಾಟರ್ ಜಾಕೆಟ್ ಮುಚ್ಚಿದ ಕೋಣೆ. ಮೊದಲು ಕಿರಿದಾದ ದಾರಿಗಳಲ್ಲಿ, ಹೊರಗೋಡೆಯ ಬಳಿ ಗಡ್ಡೆ ಕಟ್ಟುತ್ತದೆ. ಒಳಗೆ ಸಿಕ್ಕಿಬಿದ್ದ ನೀರಿಗೆ ಹೋಗಲು ಜಾಗವಿಲ್ಲ. ಆಮೇಲೆ ಅದೂ ಹೆಪ್ಪುಗಟ್ಟುತ್ತ ಗೋಡೆಯನ್ನು ಹೊರಕ್ಕೆ ದಬ್ಬುತ್ತದೆ. ಬೀಡುಕಬ್ಬಿಣ ಅದುಮಿದರೆ ತಾಳುತ್ತದೆ, ಎಳೆದರೆ ತಾಳುವುದಿಲ್ಲ. ಎಳೆತಕ್ಕೆ ಅದರ ಬಲ, ಅದುಮಿಗೆ ಇರುವ ಬಲದ ಮೂರನೆಯ ಅಥವಾ ನಾಲ್ಕನೆಯ ಒಂದು ಪಾಲು. ಉಕ್ಕಿನ ಹಾಗೆ ಬಾಗಿ ಎಚ್ಚರಿಕೆ ಕೊಡುವ ಗುಣವೂ ಇಲ್ಲ. ಪಟ್ಟನೆ ಸೀಳುತ್ತದೆ. ಎಷ್ಟೋ ಬಾರಿ ಸೀಳಿದ್ದು ಆಗ ಗೊತ್ತೇ ಆಗುವುದಿಲ್ಲ, ಏಕೆಂದರೆ ಗಡ್ಡೆಯೇ ಬಿರುಕನ್ನು ಮುಚ್ಚಿಕೊಂಡಿರುತ್ತದೆ. ಬಿಸಿಲು ಬಂದು ಕರಗಿದಾಗ ನೆಲ ಒದ್ದೆ.

ಗ್ಲೈಕಾಲ್ ಬೆರೆಸಿದ ಆಂಟಿಫ್ರೀಜ್ ಆಗಲೇ ಅಮೆರಿಕದ ಅಂಗಡಿಗಳಲ್ಲಿ ಸಿಗುತ್ತಿತ್ತು. ಅದು ಬೇಡವೆಂದರೆ ನೀರು ಪೂರ್ತಿ ಬಸಿದು ನಿಲ್ಲಿಸಬಹುದಿತ್ತು. ಆದರೆ ಬಸಿಯುವ ಕೆಲಸ ಕಾಣುವಷ್ಟು ಸುಲಭವಲ್ಲ, ಯಾವ ಹಳೆಯ ಗಾಡಿಯಲ್ಲೂ. ರೇಡಿಯೇಟರ್ ಕೆಳಗಿನ ನಲ್ಲಿ ತಿರುಗಿಸಿದರೆ ರೇಡಿಯೇಟರ್ ಖಾಲಿಯಾಗುತ್ತದೆ, ಬ್ಲಾಕ್ ಆಗುವುದಿಲ್ಲ. ಬ್ಲಾಕಿಗೆ ತನ್ನದೇ ನಲ್ಲಿಯೋ ಪ್ಲಗ್ಗೋ ಇರುತ್ತದೆ. ಅದರ ಬಾಯಿಗೆ ತುಕ್ಕಿನ ಕೆಸರು ಅಡರಿಕೊಂಡಿದ್ದರೆ ಒಂದು ಲೋಟ ನೀರು ಸುರಿದು ನಿಲ್ಲುತ್ತದೆ, ಖಾಲಿಯಾಯಿತು ಎಂದು ನಂಬಿ ಹೋಗುತ್ತಾರೆ. ಗಾಡಿಯ ಮೂತಿ ತುಸು ಮೇಲೆ ಮಾಡಿ ನಿಲ್ಲಿಸಿದ್ದರೆ ಇಷ್ಟುದ್ದದ ಬ್ಲಾಕಿನ ಹಿಂದಿನ ತುದಿಯಲ್ಲಿ ನೀರು ಮಡುಗಟ್ಟಿರುತ್ತದೆ. ವಾಟರ್ ಪಂಪಿನ ತಗ್ಗಿನಲ್ಲಿ ಉಳಿದದ್ದು ಬೇರೆ.

ಸೀಳಿದ ಬ್ಲಾಕಿನ ಕಾರು ಗುಜರಿ ಸೇರಿತು. ಯುದ್ಧಕಾಲದಲ್ಲಿ ಅಮೆರಿಕದಲ್ಲಿ ಹಳೆ ಕಬ್ಬಿಣ ಒಟ್ಟುಮಾಡುವ ಅಭಿಯಾನಗಳೇ ನಡೆಯುತ್ತಿದ್ದವು. ಮೂರು ಟನ್ನಿನ, ಓಡದ ಕಾರು ಅಂಥ ಹೊತ್ತಿನಲ್ಲಿ ಕುಲುಮೆಗೆ ಹೋಗದೆ ಉಳಿದದ್ದೇ ದೊಡ್ಡದು.

400 ಡಾಲರಿಗೆ ಕೊಂಡವನು

ಚಾರ್ಲ್ಸ್ ಚೇನ್ ಆಗ ಜನರಲ್ ಮೋಟರ್ಸ್‌ನ ಬ್ಯೂಕ್ ವಿಭಾಗದ ಮುಖ್ಯ ಎಂಜಿನಿಯರ್. ಕಾರು ಫುಕ್ಸ್ ಬಳಿ ಇದ್ದಾಗಲೇ ಕಂಡು ಮೆಚ್ಚಿದ್ದವನು. ಬ್ಯೂಕ್ ಕಾರುಗಳಲ್ಲೂ ಸಾಲು ಎಂಟು ಸಿಲಿಂಡರಿನ ಎಂಜಿನ್ನೇ, ಹಾಗಾಗಿ ಆ ಬಗೆಯ ಎಂಜಿನ್ ಅವನ ದಿನನಿತ್ಯದ ಕೆಲಸ. 1943ರಲ್ಲಿ ಗುಜರಿಯಿಂದ ಕೊಂಡ. ಕೆಲಸ ನಡೆದದ್ದು ಯುದ್ಧ ಮುಗಿದ ಮೇಲೆ, 1946-47ರಲ್ಲಿ.

ಹೊಸ ಬ್ಲಾಕ್ ತರಿಸುವ ಮಾತೇ ಇರಲಿಲ್ಲ. ಅವನು ಕಾರು ಕೊಂಡಾಗ ಮೋಲ್ಸೈಮ್ ಜರ್ಮನರ ವಶದಲ್ಲಿತ್ತು. ಎತ್ತೋರೆಯ ಮಗ ಜಾನ್ 1939ರಲ್ಲೇ ಕಾರಿನ ಪರೀಕ್ಷಾ ಓಟದಲ್ಲಿ ಸತ್ತಿದ್ದ, ಎತ್ತೋರೆ 1947ರ ಆಗಸ್ಟಿನಲ್ಲಿ ತೀರಿಕೊಂಡ. ವಿಚಿತ್ರವೆಂದರೆ, ಮಾರಾಟವಾಗದೆ ಉಳಿದ ರೊಯಾಲ್ ಎಂಜಿನ್ನುಗಳನ್ನು ಬುಗಾಟಿ ರೈಲುಗಾಡಿಗೆ ಜೋಡಿಸಿದ್ದ, ಅದೇ ವಿನ್ಯಾಸದ ಎಂಜಿನ್ನುಗಳು 1950ರ ದಶಕದವರೆಗೂ ಫ್ರಾನ್ಸಿನ ಹಳಿಗಳ ಮೇಲೆ ಓಡುತ್ತಿದ್ದವು. ಕಾರಿನಲ್ಲಿ ನಷ್ಟ ತಂದ ಎಂಜಿನ್ ರೈಲಿನಲ್ಲಿ ಅನ್ನ ಸಂಪಾದಿಸಿತು. ಅಮೆರಿಕದಲ್ಲಿ ಕೂತ ಚೇನ್‌ಗೆ ಅದರಿಂದ ಪ್ರಯೋಜನವಿಲ್ಲ. ಇದ್ದ ಬ್ಲಾಕನ್ನೇ ಉಳಿಸಿಕೊಳ್ಳಬೇಕು.

ಬೀಡುಕಬ್ಬಿಣದ ಬಿರುಕಿಗೆ ಎರಡು ದಾರಿ, ಬಿಸಿ ಮತ್ತು ತಣ್ಣನೆಯದು. ಬಿಸಿ ದಾರಿಯಲ್ಲಿ ಇಡೀ ಎರಕವನ್ನು 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ ಬೆಸುಗೆ ಹಾಕಿ, ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹುದುಗಿಸಿ ಒಂದು ದಿನಕ್ಕೂ ಹೆಚ್ಚು ನಿಧಾನವಾಗಿ ಆರಲು ಬಿಡಬೇಕು. ಅವಸರ ಮಾಡಿದರೆ ಬೆಸುಗೆಯ ಅಂಚಿನ ಕಬ್ಬಿಣ ಗಾಜಿನಂತೆ ಗಡುಸಾಗಿ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ. ಸಾವಕಾಶವಾಗಿ ಮಾಡಿದರೂ 1.4 ಮೀಟರಿನ ಎರಕ ಕಾದಾಗ ಕೂದಲೆಳೆಯಷ್ಟು ಸೊಟ್ಟಗಾಗಬಹುದು. ಸಾಮಾನ್ಯ ಬ್ಲಾಕಾದರೆ ಮೇಲ್ಮೈ ಉಜ್ಜಿ, ಬೋರ್ ಸರಿಮಾಡಿ ಮುಗಿಸುತ್ತಾರೆ. ಹೆಡ್ಡೂ ಒಂದೇ ಎರಕದಲ್ಲಿರುವ ಇಲ್ಲಿ ಬೋರು, 24 ವಾಲ್ವ್ ಸೀಟು, ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟಿನ ಸಾಲು ಎಲ್ಲವೂ ಒಟ್ಟಿಗೇ ಕೆಡುತ್ತವೆ.

ಅದಕ್ಕೇ ಇಂಥ ಬ್ಲಾಕುಗಳಿಗೆ, ಬಿರುಕು ಹೊರಗೋಡೆಯಲ್ಲಿದ್ದರೆ, ತಣ್ಣನೆಯ ಹೊಲಿಗೆಯೇ ವಾಸಿ. ಬಿರುಕಿನ ಮೇಲೆ ಸೀಮೆಎಣ್ಣೆ ಹಚ್ಚಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸುತ್ತಾರೆ. ಒಳಗೆ ಇಳಿದ ಎಣ್ಣೆ ಹೊರಬಂದು ಪುಡಿಯಲ್ಲಿ ಗೆರೆ ಮೂಡಿಸುತ್ತದೆ. ಕಣ್ಣಿಗೆ ಕಾಣುವ ಬಿರುಕಿಗಿಂತ ಈ ಗೆರೆ ಯಾವಾಗಲೂ ತುಸು ಉದ್ದ, ಮತ್ತು ಅದರ ನಿಜವಾದ ಎರಡು ತುದಿಗಳಲ್ಲಿ ಸಣ್ಣ ತೂತು ಕೊರೆಯದಿದ್ದರೆ ರಿಪೇರಿಯಾದ ಮೇಲೂ ಬಿರುಕು ಮುಂದಕ್ಕೆ ಓಡುತ್ತದೆ. ನಂತರ ಗೆರೆಯ ಉದ್ದಕ್ಕೂ ತೂತು ಕೊರೆದು, ಮರೆ (ಸ್ಕ್ರೂ ಥ್ರೆಡ್) ಹಾಕಿ, ಮರೆಯ ಸರಳು ತಿರುಗಿಸಿ ಬಿಗಿದು, ಮೇಲೆ ಉಳಿದದ್ದನ್ನು ಕತ್ತರಿಸಿ, ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸುತ್ತಾರೆ. ಪಕ್ಕದ ತೂತು ಹಿಂದಿನ ಸರಳಿನ ಮೂರನೇ ಒಂದು ಭಾಗವನ್ನು ಕಚ್ಚಿಕೊಂಡೇ ಬೀಳಬೇಕು, ಇಲ್ಲದಿದ್ದರೆ ಎರಡರ ನಡುವೆ ನೀರು ಜಿನುಗುತ್ತದೆ. ಬಿರುಕು ಮತ್ತೆ ಬಾಯಿ ಬಿಡದಂತೆ ಅಡ್ಡಲಾಗಿ ಲೋಹದ ಬೀಗಗಳನ್ನು ಕೂರಿಸುವುದೂ ಉಂಟು. ಕೊನೆಗೆ ಎಲ್ಲ ಬಾಯಿಗಳನ್ನೂ ಮುಚ್ಚಿ, ಬಿಸಿನೀರು ತುಂಬಿ, ಕೈಪಂಪಿನಿಂದ ಎರಡು ಬಾರ್‌ನಷ್ಟು ಒತ್ತಡ ಕೊಟ್ಟು ಅರ್ಧ ಗಂಟೆ ಕಾಯಬೇಕು. ತಣ್ಣೀರಿನಲ್ಲಿ ಪಾಸಾದ ಬ್ಲಾಕ್ ಬಿಸಿನೀರಿನಲ್ಲಿ ಸೋರುವುದು ಹೊಸದಲ್ಲ.

ನಾಲ್ಕು ಕಾರ್ಬ್ಯುರೇಟರ್

ಚೇನ್ ಎಂಜಿನ್ ರಿಪೇರಿಯಷ್ಟಕ್ಕೇ ನಿಲ್ಲಲಿಲ್ಲ. ಮೂಲದಲ್ಲಿ ಇಡೀ 12.7 ಲೀಟರಿಗೆ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಒಂದೇ ಇತ್ತು. ಅವನು ಹೊಸ ಇನ್‌ಟೇಕ್ ಮ್ಯಾನಿಫೋಲ್ಡ್ (ಆ ಮಿಶ್ರಣವನ್ನು ಸಿಲಿಂಡರುಗಳಿಗೆ ಒಯ್ಯುವ ಕೊಳವೆ) ಮಾಡಿಸಿ ನಾಲ್ಕು ಕೂರಿಸಿದ. ಕಾರು ರಸ್ತೆಯಲ್ಲಿ ಸಲೀಸಾಗಿ ಓಡಬೇಕು ಎಂಬುದು ಅವನ ಉದ್ದೇಶ. ಎಂಜಿನಿಯರ್ ಕಣ್ಣಿನಿಂದ ನೋಡಿದರೆ ಅವನ ತರ್ಕ ಸರಿ. ಒಂದೇ ಕಡೆಯಿಂದ ಹೊರಟ ಪೆಟ್ರೋಲ್-ಗಾಳಿ ಮಿಶ್ರಣ ಒಂದನೇ ಮತ್ತು ಎಂಟನೇ ಸಿಲಿಂಡರಿಗೆ ತಲುಪಲು ಅರ್ಧ ಮೀಟರಿಗೂ ಹೆಚ್ಚು ಸಾಗಬೇಕು. ಎಂಜಿನ್ ನಿಧಾನವಾಗಿ ಸುತ್ತುವಾಗ ಕೊಳವೆಯೊಳಗಿನ ಗಾಳಿಯ ವೇಗ ಕಡಿಮೆ, ಮ್ಯಾನಿಫೋಲ್ಡ್ ತಣ್ಣಗಿದ್ದರೆ ಪೆಟ್ರೋಲ್ ಹನಿಗಟ್ಟಿ ಗೋಡೆಗೆ ಅಂಟುತ್ತದೆ. ತುದಿಯ ಸಿಲಿಂಡರುಗಳಿಗೆ ಬಡ ಮಿಶ್ರಣ, ನಡುವಿನವಕ್ಕೆ ಸಮೃದ್ಧಿ. ತುದಿಗಳು ಕೆಮ್ಮದಿರಲೆಂದು ಪೆಟ್ರೋಲ್ ಬರುವ ಕಿರುತೂತನ್ನು, ಅಂದರೆ ಜೆಟ್ಟನ್ನು, ದಪ್ಪ ಮಾಡಿದರೆ ನಡುವಿನ ಪ್ಲಗ್ಗುಗಳು ಮಸಿ ಹಿಡಿಯುತ್ತವೆ. ಎರಡು ಸಿಲಿಂಡರಿಗೆ ಒಂದರಂತೆ ನಾಲ್ಕು ಕಾರ್ಬ್ಯುರೇಟರ್ ಇಟ್ಟರೆ ದಾರಿ ಮೊಟಕಾಗುತ್ತದೆ, ಹಂಚಿಕೆ ಸಮನಾಗುತ್ತದೆ.

ಬದಲಿಗೆ ಬೇರೊಂದು ತಲೆನೋವು ಬರುತ್ತದೆ. ನಾಲ್ಕರ ಥ್ರಾಟಲ್‌ಗಳೂ ಒಂದೇ ಕ್ಷಣದಲ್ಲಿ ತೆರೆಯಬೇಕು. ಸರಳುಗಳ ಕೀಲು ಸವೆದು ಕೂದಲಷ್ಟು ಸಡಿಲವಾದರೂ ಐಡ್ಲಿಂಗ್ ಕುಂಟುತ್ತದೆ. ವ್ಯಾಕ್ಯೂಮ್ ಗೇಜ್ ಹಿಡಿದು ಒಂದೊಂದನ್ನೇ ಹೊಂದಿಸಿ, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಜಾರಿರುತ್ತದೆ.

ಬಣ್ಣವನ್ನೂ ಬದಲಿಸಿದ. ಕಪ್ಪು ಹೋಗಿ ಸಿಂಪಿಯ ಒಳಮೈಯಂಥ ಬಿಳಿ ಬಂತು. ಅಂಚಿಗೆ, ಹುಡ್ಡಿಗೆ, ಒಳಗಿನ ಚರ್ಮಕ್ಕೆ ಕಡುಹಸಿರು. ವೈನ್‌ಬರ್ಗರ್ ಕಟ್ಟಿದ ಬಾಡಿಯ ಆಕಾರವನ್ನು ಮಾತ್ರ ಮುಟ್ಟಲಿಲ್ಲ. ಕಪ್ಪಿನಲ್ಲಿ ಗಾಡಿಯ ಗೆರೆಗಳು ಒಂದರೊಳಗೊಂದು ಕರಗುತ್ತವೆ. ಬಿಳಿಯಲ್ಲಿ ಮಡ್‌ಗಾರ್ಡಿನ ಬಳುಕು, ಬಾಗಿಲಿನ ಸೀಳು, ಬಾನೆಟ್ಟಿನ ಅಂಚು ಎಲ್ಲ ಎದ್ದು ಕಾಣುತ್ತವೆ, ಗಾತ್ರ ಇನ್ನೂ ದೊಡ್ಡದೆನಿಸುತ್ತದೆ. ಅಭಿರುಚಿಯ ಮಟ್ಟಿಗೆ ಫುಕ್ಸ್‌ನ ಕಪ್ಪು-ಹಳದಿಯೇ ಮೇಲು ಎನ್ನಬೇಕಾಗುತ್ತದೆ.

ಮ್ಯೂಸಿಯಂ ಏನು ಮಾಡಬೇಕು

1957ರಲ್ಲಿ ಚೇನ್ ಕಾರನ್ನು ಹೆನ್ರಿ ಫೋರ್ಡ್ ಮ್ಯೂಸಿಯಂಗೆ ದಾನ ಕೊಟ್ಟ. ಆಗ ಅವನು ಜನರಲ್ ಮೋಟರ್ಸ್‌ನ ಎಂಜಿನಿಯರಿಂಗ್ ಉಪಾಧ್ಯಕ್ಷ. ಬದ್ಧ ಪೈಪೋಟಿಯ ಕಂಪನಿಯ ದೊಡ್ಡ ಅಧಿಕಾರಿ, ಫೋರ್ಡ್ ಹೆಸರಿನ ಮ್ಯೂಸಿಯಂಗೆ, ಫ್ರೆಂಚ್ ಕಾರು ಕೊಟ್ಟದ್ದು. ಫಲಕದಲ್ಲಿ ದಾನಿಗಳ ಹೆಸರು ಚಾರ್ಲ್ಸ್ ಮತ್ತು ಎಸ್ತರ್ ಚೇನ್ ಎಂದಿದೆ.

ಈಗ ಪ್ರಶ್ನೆ: ಕಾರನ್ನು 1932ರ ಕಪ್ಪು-ಹಳದಿಗೆ, ಒಂಟಿ ಕಾರ್ಬ್ಯುರೇಟರಿಗೆ ಹಿಂದಿರುಗಿಸಬೇಕೆ? ಕೆಲಸದ ದೃಷ್ಟಿಯಿಂದ ಬದಲಾವಣೆಗಳು ಒಂದೇ ತೂಕದವಲ್ಲ. ಮ್ಯಾನಿಫೋಲ್ಡ್ ಬೋಲ್ಟಿನಿಂದ ಕೂತದ್ದು, ಬಿಚ್ಚಬಹುದು. ಬ್ಲಾಕಿನ ರಿಪೇರಿಯನ್ನು ಯಾರೂ ಹಿಂದಕ್ಕೆ ತಿರುಗಿಸಲಾರರು. ಬಣ್ಣದ ವಿಷಯದಲ್ಲಿ, ಡ್ಯಾಶ್‌ಬೋರ್ಡಿನ ಅಡಿ, ಬಾಗಿಲ ಕೀಲಿನ ಹಿಂದಿನಂಥ ಮರೆಯ ಜಾಗದಲ್ಲಿ ಬೆರಳುಗುರಿನಷ್ಟು ಅಗಲಕ್ಕೆ ನೀರುಪೇಪರಿನಿಂದ ಇಳಿಜಾರಾಗಿ ತಿಕ್ಕಿದರೆ, ಹಳೆಯ ಪದರಗಳು ಉಳಿದಿದ್ದರೆ ಮರದ ಉಂಗುರಗಳ ಹಾಗೆ ಒಂದರ ಸುತ್ತ ಒಂದು ತೋರುತ್ತವೆ. ಟಿಂಕರಿಂಗ್ ಮಾಡುವಾಗ ಬರೀ ಲೋಹದವರೆಗೆ ಕೆರೆದಿದ್ದರೆ ಆ ಸಾಕ್ಷಿಯೂ ಇಲ್ಲ. ಆಗ ಬಳಿಯುವ ಹಳದಿ ಅಂದಾಜಿನ ಹಳದಿ.

ಉಳಿದ ರೊಯಾಲ್‌ಗಳ ಗತಿಯನ್ನೂ ನೋಡಬೇಕು. 41111 ಮೊದಲು ಆರ್ಮಾ ಎಸ್ದೆರ್ಸ್‌ಗಾಗಿ ಕಟ್ಟಿದ ರೋಡ್‌ಸ್ಟರ್. ರಾತ್ರಿ ಓಡಿಸುವುದಿಲ್ಲವೆಂದು ಅವನು ಹೆಡ್‌ಲೈಟೇ ಹಾಕಿಸಿರಲಿಲ್ಲ. ಮುಂದೆ ಆ ಬಾಡಿಯನ್ನೇ ತೆಗೆದು ಬಿಂಡರ್ ಕಂಪನಿಯ ಬಾಡಿ ಹಾಕಿದರು, ಈಗ ಮೂಲ ರೋಡ್‌ಸ್ಟರ್ ನೋಡಬೇಕಾದರೆ ಫ್ರಾನ್ಸಿನ ಮ್ಯೂಲೂಸ್‌ನ ಮ್ಯೂಸಿಯಂನಲ್ಲಿರುವ ಪ್ರತಿಕೃತಿಯೇ ಗತಿ. ಮೊದಲ ಕಾರು 41100ಕ್ಕಂತೂ ಪ್ಯಾಕಾರ್ಡ್ ಬಾಡಿಯಿಂದ ಶುರುವಾಗಿ ಹಲವು ಬಾಡಿ ಬದಲಾದವು. ಬುಗಾಟಿ ಕುಟುಂಬ ಯುದ್ಧಕಾಲದಲ್ಲಿ ಗೋಡೆ ಕಟ್ಟಿ ಬಚ್ಚಿಟ್ಟಿದ್ದ 41141 ಮತ್ತು 41150ನ್ನು ಅಮೆರಿಕದ ಬ್ರಿಗ್ಸ್ ಕನ್ನಿಂಗ್‌ಹ್ಯಾಮ್ 1950ರಲ್ಲಿ ಹಣ, ಜೊತೆಗೆ ಎರಡು ಫ್ರಿಜ್ ಕೊಟ್ಟು ಕೊಂಡ. 41141 ಮುಂದೆ 1987ರಲ್ಲಿ ಲಂಡನ್‌ನ ಹರಾಜಿನಲ್ಲಿ 55 ಲಕ್ಷ ಪೌಂಡಿಗೆ ಹೋಯಿತು. ಈ ಸಾಲಿನಲ್ಲಿ 41121ರ ವಿಶೇಷ ಇಷ್ಟೇ: ಮೊದಲ ಗಿರಾಕಿಗೆ ಕಟ್ಟಿದ ಬಾಡಿ ಇನ್ನೂ ಅದೇ ಷಾಸಿಯ ಮೇಲಿದೆ. ಬದಲಾದದ್ದು ಬಣ್ಣ, ಚರ್ಮ, ಉಸಿರಾಟ.

ಹಾಗಾಗಿ ಚೇನ್ ಬಿಟ್ಟುಹೋದ ರೂಪದಲ್ಲೇ ಇಟ್ಟಿರುವುದು ಸರಿಯಾದ ತೀರ್ಮಾನ. ಫುಕ್ಸ್ ಇದನ್ನು ಓಡಿಸಿದ್ದು ಕೆಲವೇ ವರ್ಷ. ಕಾರು ಬದುಕಿದ್ದು ಬಿಳಿ ಬಣ್ಣದಲ್ಲಿ, ನಾಲ್ಕು ಕಾರ್ಬ್ಯುರೇಟರಿನೊಂದಿಗೆ. 1985ರಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ ಆರೂ ರೊಯಾಲ್‌ಗಳನ್ನು ಒಟ್ಟಿಗೆ ನಿಲ್ಲಿಸಿದಾಗಲೂ ಇದು ಹೀಗೆಯೇ ನಿಂತಿತ್ತು.

ಇಂಥ ಕಾರನ್ನು ನಿಲ್ಲಿಸಿಡುವ ಕ್ರಮದಲ್ಲಿ ಹೆಚ್ಚಿನದು ಎಲ್ಲ ಮ್ಯೂಸಿಯಂಗಳಿಗೂ ಸಾಮಾನ್ಯ. ಚರ್ಮದ ಮೇಲೆ ಬಿಸಿಲು ಬೀಳಬಾರದು, ಗಾಳಿಯ ತೇವಾಂಶ 50 ಪ್ರತಿಶತದ ಆಸುಪಾಸಿನಲ್ಲಿ ಏರಿಳಿಯದೆ ಇರಬೇಕು. ಟೈರಿನ ಮೇಲೆ ಭಾರ ಬೀಳದಂತೆ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡುವುದು ಲೇಸು. ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟರೆ ಅಂಟಾಗಿ ಜೆಟ್ ಕಟ್ಟುತ್ತದೆ, ಇಲ್ಲಿ ಕಟ್ಟಿದರೆ ನಾಲ್ಕು ಕಡೆ. ಎಂಜಿನ್ ಸಿಕ್ಕಿಕೊಳ್ಳದಂತೆ ಪ್ಲಗ್ ತೂತಿನಿಂದ ಎಣ್ಣೆ ಬಿಟ್ಟು ಆಗಾಗ ಕೈಯಿಂದ ತಿರುಗಿಸುತ್ತಾರೆ. ಇನ್ನು ನೀರು: ರೇಡಿಯೇಟರ್ ನಲ್ಲಿ, ಬ್ಲಾಕಿನ ನಲ್ಲಿ, ಪಂಪಿನ ತಗ್ಗು ಮೂರನ್ನೂ ಬಿಚ್ಚಬೇಕು, ನಲ್ಲಿಯ ಬಾಯಿಗೆ ತಂತಿ ತೂರಿಸಿ ಕೆಸರು ಕೆದಕಬೇಕು, ಹೊರಬಂದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಅಳೆಯಬೇಕು. ತುಂಬಿದ ಲೆಕ್ಕಕ್ಕೂ ಬಸಿದ ಲೆಕ್ಕಕ್ಕೂ ತಾಳೆಯಾಗದಿದ್ದರೆ, ಉಳಿದದ್ದು ಬ್ಲಾಕಿನ ಹಿಂದಿನ ತುದಿಯಲ್ಲಿದೆ.